ಪದಚರ್ಚೆ: ಟಿವಿ ಟ್ಯೂಬನ್ನು ‘ಡಿಸ್ಚಾರ್ಜ್’ ಮಾಡುವುದಕ್ಕೆ ಏನನ್ನೋಣ?

ಹಳೇ ಟ್ಯೂಬ್ ಟಿವಿ ಕೆಟ್ಟರೆ ಮನೆಯಲ್ಲೇ ಬಿಚ್ಚಿ ನೋಡುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಭಾಗಗಳ ಹೆಸರಿನ ಬಗ್ಗೆ ನನಗೆ ತಲೆಬಿಸಿ ಇಲ್ಲ. ಕೆಪಾಸಿಟರ್, ಯೋಕ್ ಕಾಯಿಲ್, ಪಿಕ್ಚರ್ ಟ್ಯೂಬ್ ಅಂತಲೇ ಎಲ್ಲರೂ ಹೇಳುವುದು, ಹಾಗೇ ಇರಲಿ. ತೊಡಕಿರುವುದು ಕ್ರಿಯಾಪದಗಳಲ್ಲಿ. ಅದರಲ್ಲೂ ಒಂದು ಕ್ರಿಯಾಪದವನ್ನು ಓದುವವರು ತಪ್ಪಾಗಿ ತಿಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಈ ಪ್ರಶ್ನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಬಣ್ಣದ ಟ್ಯೂಬ್ ಟಿವಿಯಲ್ಲಿ ಟ್ಯೂಬಿಗೆ ಹೋಗುವ ವೋಲ್ಟೇಜ್ 20,000ಕ್ಕೂ ಜಾಸ್ತಿ ಇರುತ್ತದೆ. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ಕರೆಂಟ್ ಹರಿಯುವಂಥ ಕಪ್ಪು ಲೇಪ ಬಳಿದಿರುತ್ತಾರೆ. ಎರಡು ಲೇಪ, ನಡುವೆ ಗಾಜು. ಅಂದರೆ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್, ಚಾರ್ಜನ್ನು ಹಿಡಿದಿಟ್ಟುಕೊಳ್ಳುವ ಭಾಗ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಚಾರ್ಜ್ ನಿಂತಿರುತ್ತದೆ. ಒಳಗೆ ಕೈ ಹಾಕುವ ಮುಂಚೆ ಅದನ್ನು ತೆಗೆಯಲೇಬೇಕು. ಇಂಗ್ಲಿಷಿನವರು ಡಿಸ್ಚಾರ್ಜ್ ಅನ್ನುವುದು ಈ ಕೆಲಸಕ್ಕೆ.

‘ಡಿಸ್ಚಾರ್ಜ್ ಮಾಡಿ’ ಅಂತಲೇ ಬರೆದರೆ ಏನಾಗುತ್ತದೆ? ಕನ್ನಡದಲ್ಲಿ ಆ ಮಾತಿಗೆ ಆಗಲೇ ಎರಡು ಅರ್ಥ ನೆಲೆಯಾಗಿವೆ. ಆಸ್ಪತ್ರೆಯಿಂದ ಮನೆಗೆ ಕಳಿಸುವುದು ಒಂದು, ಫೋನಿನ ಬ್ಯಾಟರಿ ತಾನಾಗೇ ಖಾಲಿಯಾಗುವುದು ಇನ್ನೊಂದು. ಎರಡನೆಯದೇ ಇಲ್ಲಿ ಅಪಾಯ. ‘ಓಹೋ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಡಿಸ್ಚಾರ್ಜ್ ಆಗುತ್ತದೆ’ ಅಂತ ಓದುಗ ಅಂದುಕೊಂಡರೆ ಕಥೆ ಮುಗಿಯಿತು. ಕೆಲವು ಸೆಟ್‌ಗಳಲ್ಲಿ ತಾನಾಗೇ ಹೋಗುತ್ತದೆ ನಿಜ, ಕೆಲವದರಲ್ಲಿ ಬಹಳ ಹೊತ್ತು ಉಳಿದಿರುತ್ತದೆ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಪುಸ್ತಕದ ಕನ್ನಡದಲ್ಲಿ ಚಾರ್ಜ್‌ಗೆ ‘ವಿದ್ಯುದಾವೇಶ’, ಡಿಸ್ಚಾರ್ಜ್‌ಗೆ ‘ವಿಸರ್ಜನೆ’. ‘ಆವೇಶವನ್ನು ವಿಸರ್ಜಿಸಿ’ ಅಂತ ಬರೆದು ನೋಡಿದೆ. ಟಿವಿಗೆ ಮೈಮೇಲೆ ಬಂದಿದೆ, ಯಾರನ್ನಾದರೂ ಕರೆಸಿ ಅಂದ ಹಾಗಿತ್ತು! ತರಗತಿಯಲ್ಲಿ ಈ ಪದಗಳು ಇರಲಿ, ಬೇಡ ಅನ್ನುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ನಿಂತವರಿಗೆ ಇವು ಆಗಿಬರುವುದಿಲ್ಲ.

ಈಗ ನನ್ನ ಆಯ್ಕೆ: ‘ಚಾರ್ಜ್ ಇಳಿಸಿ’. ‘ಬ್ಯಾಟರಿ ಚಾರ್ಜ್ ಇಳಿದುಹೋಯಿತು’ ಅಂತ ನಾವು ದಿನಾ ಹೇಳುತ್ತೇವೆ. ಭಾರ ಇಳಿಸುತ್ತೇವೆ, ವಿಷ ಇಳಿಸುತ್ತೇವೆ. ‘ಇಳಿ’ ತಾನಾಗೇ ಆಗುವುದು, ‘ಇಳಿಸು’ ಯಾರೋ ಮಾಡುವುದು. ಒಂದು ‘ಇಸು’ ಸೇರಿದರೆ ಸಾಕು, ಇದು ನೀನು ಕೈಯಾರೆ ಮಾಡಬೇಕಾದ ಕೆಲಸ ಅಂತ ಗೊತ್ತಾಗುತ್ತದೆ. ‘ಡಿಸ್ಚಾರ್ಜ್’ನಲ್ಲಿ ಮಸುಕಾಗಿದ್ದ ವ್ಯತ್ಯಾಸ ಇಲ್ಲಿ ಪದದೊಳಗೇ ಕೂತಿದೆ, ಅಲ್ವಾ?

ವಾಕ್ಯದಲ್ಲಿ ಹೇಗೆ ಕೂರುತ್ತದೆ ನೋಡಿ: ‘ಪ್ಲಗ್ ಕಿತ್ತಿಡಿ. ಉದ್ದ ಹಿಡಿಯ, ಒಳ್ಳೆಯ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂಡ್ರೈವರಿನ ಲೋಹಕ್ಕೆ ಒಂದು ವೈರ್ ಕಟ್ಟಿ. ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಒತ್ತಿಕೊಂಡಿರುವ ಹೆಣೆದ ಬರಿತಂತಿಗೆ ಸಿಕ್ಕಿಸಿ. ಇನ್ನೊಂದು ಕೈ ಯಾವುದನ್ನೂ ಮುಟ್ಟದಿರಲಿ. ಸ್ಕ್ರೂಡ್ರೈವರಿನ ತುದಿಯನ್ನು, ದಪ್ಪ ವೈರ್ ಟ್ಯೂಬಿಗೆ ಸೇರುವ ಕಡೆ ಇರುವ ರಬ್ಬರ್ ಟೋಪಿಯ ಅಡಿಗೆ ತೂರಿಸಿ, ಲೋಹದ ಕೊಂಡಿಗೆ ತಾಗಿಸಿ. ಟಪ್ ಅಂದರೆ ಚಾರ್ಜ್ ಇಳಿಯಿತು. ಸದ್ದು ಬರದಿದ್ದರೂ ಇಳಿಸದೆ ಬಿಡಬೇಡಿ.’

ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಸಲ ಇಳಿಸಿದ ಮೇಲೆ ಸ್ವಲ್ಪ ಹೊತ್ತಿಗೆ ಟ್ಯೂಬಿನಲ್ಲಿ ಮತ್ತೆ ಚಾರ್ಜ್ ಕಾಣಿಸಿಕೊಳ್ಳುತ್ತದೆ. ಗಾಜು ತನ್ನೊಳಗೆ ಹಿಡಿದಿಟ್ಟುಕೊಂಡದ್ದು ನಿಧಾನವಾಗಿ ಹೊರಗೆ ಬರುತ್ತದೆ. ಹಾಗಾಗಿ ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಇಳಿಸಬೇಕು. ಇದಕ್ಕೆ ಒಳ್ಳೆಯ ಮಾತು ಹುಡುಕುತ್ತಿದ್ದಾಗ ‘ಊರು’ ಹೊಳೆಯಿತು. ಬಾವಿಯ ನೀರು ಪೂರ್ತಿ ಎತ್ತಿದರೂ ತಳದಲ್ಲಿ ಮತ್ತೆ ಊರುತ್ತದಲ್ಲ, ಹಾಗೆ. ‘ಇಳಿಸಿದ ಮೇಲೂ ಚಾರ್ಜ್ ಮತ್ತೆ ಊರುತ್ತದೆ’ ಎಂದರೆ ಎಲ್ಲಿಂದ ಬಂತು, ಎಷ್ಟು ನಿಧಾನಕ್ಕೆ ಬಂತು, ಎರಡೂ ತಿಳಿಯುತ್ತದೆ. ಆದರೆ ‘ಊರು’ ಕೇಳಿದರೆ ಈಗಿನವರಿಗೆ ಮೊದಲು ಹೊಳೆಯುವುದು ಹಳ್ಳಿ, ಪಟ್ಟಣ. ‘ಬಾಯಲ್ಲಿ ನೀರೂರಿತು’ ಬಿಟ್ಟರೆ ಈ ಕ್ರಿಯಾಪದ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯಾ? ಇಲ್ಲದಿದ್ದರೆ ‘ಮತ್ತೆ ಬರುತ್ತದೆ’ ಅಂತ ಸಪ್ಪೆಯಾಗಿ ಬರೆಯಬೇಕಾಗುತ್ತದೆ.

ಇನ್ನೊಂದು ಸಂದೇಹ. ಒಬ್ಬ ಗೆಳೆಯರು, ‘ಚಾರ್ಜ್ ಗೀರ್ಜ್ ಯಾಕೆ, ಟ್ಯೂಬಿನಲ್ಲಿ ಕರೆಂಟ್ ಇರುತ್ತದೆ ಅಂತ ಬರೆಯಿರಿ’ ಅಂದರು. ವಿಜ್ಞಾನದ ಲೆಕ್ಕದಲ್ಲಿ ಇದು ತಪ್ಪು. ಕರೆಂಟ್ ಅಂದರೆ ಹರಿಯುವುದು, ಇದು ನಿಂತಿರುವುದು. ಆದರೆ ನಮ್ಮ ಮಾತಿನಲ್ಲಿ ವೋಲ್ಟೇಜು, ಚಾರ್ಜು, ಮನೆಗೆ ಬರುವ ವಿದ್ಯುತ್ತು, ಎಲ್ಲವೂ ಕರೆಂಟೇ. ‘ಪ್ಲಗ್ ಕಿತ್ತರೂ ಕರೆಂಟ್ ಇರುತ್ತದೆ’ ಅಂದರೆ ಓದುಗ ಒಂದು ಕ್ಷಣ ಬೆಚ್ಚಿ ನಿಲ್ಲುತ್ತಾನೆ. ಎಚ್ಚರಿಕೆಯ ಮಾತಿಗೆ ಬೇಕಾದದ್ದೂ ಅದೇ. ಎಚ್ಚರಿಕೆಯ ಸಾಲಿನಲ್ಲಿ ಮಾತ್ರ ‘ಕರೆಂಟ್’, ಉಳಿದ ಕಡೆ ‘ಚಾರ್ಜ್’ ಅಂತ ಇಡೋಣ ಅನ್ನಿಸುತ್ತಿದೆ. ಶುದ್ಧವಾದಿಗಳು ಬೈಯಲಿ.

‘ಡ್ರೈ ಸೋಲ್ಡರ್’ಗೆ ‘ಒಣ ಬೆಸುಗೆ’ ಅಂತ ಅನುವಾದಿಸಿದ್ದನ್ನು ನೋಡಿದ್ದೇನೆ. ಅರ್ಥವೇ ಆಗುವುದಿಲ್ಲ. ಭಾಗಗಳನ್ನು ಬೋರ್ಡಿಗೆ ಹಿಡಿದಿಡುವ ಬೆಸುಗೆ ಸಡಿಲವಾಗುವುದಕ್ಕೆ ಈ ಹೆಸರು. ಬೋರ್ಡಿನ ಹಿಂಬದಿಯಲ್ಲಿ, ಬಿಸಿಯಾಗುವ ಭಾಗದ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಉಂಗುರದಂಥ ಬಿರುಕು ಕಾಣುತ್ತದೆ. ಟಿವಿಯನ್ನು ತಟ್ಟಿದರೆ ಚಿತ್ರ ಬರುವುದು, ಬಿಟ್ಟರೆ ಹೋಗುವುದು ಬಹಳ ಸಲ ಇದರಿಂದಲೇ. ‘ಬೆಸುಗೆ ಬಿಟ್ಟಿದೆ’ ಅಂದರೆ ಸಾಕಲ್ಲ? ಅಂಟು ಬಿಡುತ್ತದೆ, ಹೊಲಿಗೆ ಬಿಡುತ್ತದೆ, ಬೆಸುಗೆಯೂ ಬಿಡುತ್ತದೆ.

ಕೊನೆಗೆ, ನನಗೆ ಇನ್ನೂ ಬಗೆಹರಿಯದ ಒಂದು. ಪರದೆಯ ನಡುವೆ ಬರೀ ಒಂದು ಅಡ್ಡಗೆರೆ ಬೆಳಗುತ್ತಿದ್ದರೆ ಕೆಟ್ಟಿರುವುದು ‘ವರ್ಟಿಕಲ್’ ಭಾಗ, ಅಂದರೆ ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಹರಡುವ ಭಾಗ. (ಇಂಥ ಹೊತ್ತಿನಲ್ಲಿ ಬ್ರೈಟ್‌ನೆಸ್ ಪೂರ್ತಿ ಇಳಿಸಬೇಕು, ಇಲ್ಲದಿದ್ದರೆ ಗೆರೆಯ ಕಲೆ ಪರದೆಯ ಮೇಲೆ ಉಳಿದುಬಿಡುತ್ತದೆ.) ‘ಲಂಬ’ ಅಂದರೆ ಪುಸ್ತಕದ ಮಾತಾಯಿತು. ‘ಉದ್ದ’ ಅಂದರೆ ಕೆಲವರಿಗೆ ಮೇಲೆ-ಕೆಳಗೆ, ಕೆಲವರಿಗೆ ಎಡ-ಬಲ. ‘ಅಡ್ಡ’ಕ್ಕೆ ಎದುರಾಗಿ ಎಲ್ಲರಿಗೂ ಒಂದೇ ಅರ್ಥ ಕೊಡುವ ಆಡುಮಾತು ನಿಮ್ಮಲ್ಲಿ ಏನಿದೆ? ‘ನೆಟ್ಟಗೆ’ ಅನ್ನಬಹುದಾ? ‘ನೆಟ್ಟಗೆ ಮಾಡುವ ಭಾಗ ಕೆಟ್ಟಿದೆ’ ಅಂತ ಬರೆದರೆ ಟಿವಿಯನ್ನು ರಿಪೇರಿ ಮಾಡುವ ಭಾಗವೇ ಕೆಟ್ಟಿದೆ ಅಂತ ಓದಿಕೊಳ್ಳುತ್ತಾರೇನೋ ಅಂತ ಭಯ.