ಒಂಬತ್ತು ಕನಸು, ನಾಲ್ಕು ‘ಸೇಫ್ಟಿ’: ಮಗಳ ಕಾಲೇಜು ಪಟ್ಟಿ ಸರಿಯಿದೆಯೇ?

ಪ್ರಶ್ನೆ

ನಾವಿರುವುದು ಟೆಕ್ಸಾಸ್‌ನಲ್ಲಿ. ಮಗಳು ಈಗ ಹನ್ನೆರಡನೆಯ ತರಗತಿ, ಕಂಪ್ಯೂಟರ್ ಸೈನ್ಸ್ ಓದುವ ಆಸೆ. ತರಗತಿಯಲ್ಲಿ ಮೊದಲ ಶೇ 8ರೊಳಗಿದ್ದಾಳೆ. ಅವಳೇ ಮಾಡಿರುವ ಪಟ್ಟಿಯಲ್ಲಿ ಹದಿಮೂರು ಹೆಸರುಗಳಿವೆ. ಸ್ಟ್ಯಾನ್‌ಫರ್ಡ್, ಎಂಐಟಿ, ಪ್ರಿನ್ಸ್‌ಟನ್, ಕಾರ್ನೆಲ್ ಹೀಗೆ ಒಂಬತ್ತು ಅದೇ ಸಾಲಿನವು. ಕೊನೆಯಲ್ಲಿ ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಾದ ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ಆಸ್ಟಿನ್, ಟೆಕ್ಸಾಸ್ ಎ ಅಂಡ್ ಎಂ, ಜೊತೆಗೆ ಹೊರರಾಜ್ಯದ ಇಲಿನಾಯ್, ಪರ್ಡ್ಯೂ. ಈ ನಾಲ್ಕು ಸೇಫ್ಟಿ, ಸಿಕ್ಕೇ ಸಿಗುತ್ತವೆ ಎನ್ನುತ್ತಾಳೆ. ನನಗೆ ಧೈರ್ಯ ಸಾಲುತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಉತ್ತರ 1

ಮೇಡಂ, ಆ ನಾಲ್ಕರಲ್ಲಿ ಒಂದೂ ನಿಮ್ಮ ಮಗಳಿಗೆ ಸೇಫ್ಟಿ ಅಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇಂಥದೇ ಪಟ್ಟಿಯಿತ್ತು, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

1997ರ ಕಾನೂನಿನ ಪ್ರಕಾರ ಮೊದಲ ಶೇ 10ರೊಳಗಿರುವ ಮಕ್ಕಳಿಗೆ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಚಿತ, ನಿಜ. ಆದರೆ ಯುಟಿ ಆಸ್ಟಿನ್‌ಗೆ ಬೇರೆ ಲೆಕ್ಕ. 2026ರ ಪ್ರವೇಶದಿಂದ ಅಲ್ಲಿ ಮೊದಲ ಶೇ 5ರೊಳಗಿದ್ದರೆ ಮಾತ್ರ ಖಾತರಿ, ಅದೂ ವಿಶ್ವವಿದ್ಯಾಲಯಕ್ಕೇ ಹೊರತು ಬೇಕಾದ ವಿಷಯಕ್ಕಲ್ಲ. ಎ ಅಂಡ್ ಎಂನಲ್ಲಿ ಪ್ರವೇಶವೇನೋ ಸಿಗುತ್ತದೆ. ಆದರೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಇರುವುದು ಎಂಜಿನಿಯರಿಂಗ್ ಕಾಲೇಜಿನಡಿ, ಅಲ್ಲಿನ ಸೀಟಿಗೆ ಆ ಖಾತರಿ ಅನ್ವಯಿಸದು. ಇಲಿನಾಯ್‌ನಲ್ಲಿ ಇಡೀ ವಿಶ್ವವಿದ್ಯಾಲಯದ ಪ್ರವೇಶ ಪ್ರಮಾಣ ನೋಡಿ ನಿಶ್ಚಿಂತರಾಗಬೇಡಿ, ಕಂಪ್ಯೂಟರ್ ಸೈನ್ಸ್‌ನ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ.

ಮೇಲಿನ ಒಂಬತ್ತರ ಬಗ್ಗೆ ಒಂದೇ ಮಾತು. ಸ್ಟ್ಯಾನ್‌ಫರ್ಡ್, ಎಂಐಟಿಗಳಲ್ಲಿ ನೂರು ಅರ್ಜಿ ಹೋದರೆ ನಾಲ್ಕೈದು ಮಕ್ಕಳಿಗೆ ಸೀಟು. ಒಂಬತ್ತು ಕಡೆ ಹಾಕಿದರೆ ಒಂದಾದರೂ ಬರುತ್ತದೆ ಎಂದು ನಾವೂ ನಂಬಿದ್ದೆವು. ಆದರೆ ಎಲ್ಲ ಕಡೆಗೂ ಹೋಗುವುದು ಅದೇ ಅಂಕಪಟ್ಟಿ, ಅರ್ಜಿಯ ಜೊತೆ ಬರೆಯುವ ಅದೇ ಮುಖ್ಯ ಪ್ರಬಂಧ. ಒಂದು ಕಡೆ ಸಾಲದೆಂದು ಕಂಡದ್ದು ಇನ್ನೊಂದು ಕಡೆಯೂ ಹಾಗೆಯೇ ಕಾಣಬಹುದು.

ಫಲಿತಾಂಶಗಳು ಬರುತ್ತಿದ್ದ ಮಾರ್ಚ್ ಕೊನೆಯ ವಾರ ಮಗ ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿಟ್ಟು ಊಟಕ್ಕೆ ಕೂರುತ್ತಿದ್ದ. ನಾವು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಹನ್ನೊಂದರಲ್ಲಿ ಒಂಬತ್ತು ತಿರಸ್ಕಾರ. ಸಿಕ್ಕ ಎರಡರಲ್ಲಿ ಒಂದು ಹೊರರಾಜ್ಯದ್ದು, ಶುಲ್ಕ ನಮ್ಮ ಕೈಗೆ ನಿಲುಕಲಿಲ್ಲ. ಇನ್ನೊಂದನ್ನು ಕೊನೆಯ ದಿನ ಪಟ್ಟಿ ತುಂಬಿಸಲೆಂದು ಸೇರಿಸಿದ್ದೆವು, ಒಮ್ಮೆಯೂ ಹೋಗಿ ನೋಡಿರಲಿಲ್ಲ. ಈಗ ಅಲ್ಲೇ ಓದುತ್ತಿದ್ದಾನೆ, ಚೆನ್ನಾಗಿದ್ದಾನೆ. ಆದರೆ ಆ ಏಪ್ರಿಲ್ ತಿಂಗಳಿಡೀ ಅವನು ತಾನು ಸೋತೆನೆಂದೇ ನಂಬಿದ್ದ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿತ್ತು ಎಂಬ ನೋವು ಇನ್ನೂ ಇದೆ.

ಆದ್ದರಿಂದ ಪಟ್ಟಿಯನ್ನು ಕೆಳಗಿನಿಂದ ಕಟ್ಟಿ. ಸೀಟು, ವಿಷಯ, ಹಣ ಮೂರೂ ಭದ್ರವಿದ್ದು ಮಗಳು ಮನಸಾರೆ ಹೋಗುವಂಥ ಎರಡು ಕಾಲೇಜು ಮೊದಲು ಹುಡುಕಿ. ಆಮೇಲೆ ಅವಳ ಅಂಕಗಳಿಗೆ ಹೊಂದುವ ನಾಲ್ಕೈದು. ಕನಸಿನವು ಮೂರು ನಾಲ್ಕು ಸಾಕು, ಮುಖ್ಯ ಪ್ರಬಂಧದ ಜೊತೆ ಪ್ರತಿಯೊಂದಕ್ಕೂ ಹೆಚ್ಚುವರಿ ಪ್ರಬಂಧಗಳನ್ನೂ ಬರೆಯಬೇಕಲ್ಲ. ಬಹುತೇಕ ಕಾಲೇಜುಗಳು ‘ಕಾಮನ್ ಡೇಟಾ ಸೆಟ್’ ಎಂಬ ಕಡತ ಪ್ರಕಟಿಸುತ್ತವೆ. ಅದರ ಸಿ7 ಕೋಷ್ಟಕ ತೆರೆದರೆ ಅಂಕ, ಪ್ರಬಂಧ, ಶಿಫಾರಸು ಪತ್ರ ಇವುಗಳಲ್ಲಿ ಆ ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡುತ್ತದೆಂದು ಸಾಲುಸಾಲಾಗಿ ಕಾಣುತ್ತದೆ.

ಉತ್ತರ 2

ಹಣದ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. 2011ರಿಂದ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗಬಹುದೆಂದು ಅಂದಾಜಿಸುವ ಸಾಧನ) ಇಡುವುದು ಕಡ್ಡಾಯ. ನಿಮ್ಮ ಆದಾಯ ಹಾಕಿ ನೋಡಿ, ಆಮೇಲೆ ಹೆಸರು ಸೇರಿಸಿ. ಅರ್ಲಿ ಡಿಸಿಷನ್‌ಗೆ, ಅಂದರೆ ಸೀಟು ಕೊಟ್ಟರೆ ಸೇರಿಯೇ ಸೇರುತ್ತೇನೆಂದು ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿಗೆ, ಮಗಳ ಜೊತೆ ನೀವೂ ಸಹಿ ಹಾಕಬೇಕು, ಸೀಟು ಬಂದರೆ ಉಳಿದ ಅರ್ಜಿಗಳನ್ನು ಹಿಂದೆಗೆದುಕೊಳ್ಳಬೇಕು. ಲೆಕ್ಕ ಹಾಕದೆ ಸಹಿ ಮಾಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮೊದಲ ಉತ್ತರವನ್ನು ಮಗಳೇ ಓದಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂಬತ್ತರಲ್ಲಿ ಐದನ್ನು ತಾನೇ ಹೊಡೆದುಹಾಕಿ, ಶನಿವಾರ ಯುಟಿ ಡಲ್ಲಾಸ್ ನೋಡಲು ಹೋಗೋಣವೇ ಎಂದು ಕೇಳಿದ್ದಾಳೆ.