ಇಂಗ್ಲೆಂಡಿನ ಅರಸರಿಗೆ ಚರ್ಚಿನ ಮೇಲೆ ಎಷ್ಟು ಅಧಿಕಾರವಿತ್ತು?

ಪ್ರಶ್ನೆ: 1534ರ ಕಾಯ್ದೆ ಎಂಟನೆಯ ಹೆನ್ರಿಯನ್ನು ಚರ್ಚಿನ ಪರಮೋಚ್ಚ ಮುಖ್ಯಸ್ಥನೆಂದು ಸಾರಿತು, 1559ರಲ್ಲಿ ಎಲಿಜಬೆತ್ ರಾಣಿ ಪರಮೋಚ್ಚ ಆಡಳಿತಗಾರ್ತಿ ಎಂಬ ಬಿರುದನ್ನಷ್ಟೇ ಸ್ವೀಕರಿಸಿದಳು. ಹಾಗಾದರೆ ಧರ್ಮಬೋಧನೆಯಲ್ಲೂ ದೊರೆಯ ಮಾತೇ ಅಂತಿಮವಾಗಿತ್ತೇ?

ಉತ್ತರ 1: ಸಿದ್ಧಾಂತದಲ್ಲಿ ಇಲ್ಲ. ಇಂಗ್ಲೆಂಡಿನ ಈ ಚರ್ಚಿನ, ಅಂದರೆ ಆಂಗ್ಲಿಕನ್ ಚರ್ಚಿನ, ನಂಬಿಕೆಗಳನ್ನು ನಿರೂಪಿಸುವ ಮೂವತ್ತೊಂಬತ್ತು ವಿಧಿಗಳಲ್ಲಿ 37ನೆಯದು, ದೇವರ ವಾಕ್ಯವನ್ನು ಬೋಧಿಸುವ ಮತ್ತು ಸಂಸ್ಕಾರಗಳನ್ನು ನೆರವೇರಿಸುವ ಅಧಿಕಾರ ಅರಸರಿಗಿಲ್ಲವೆಂದು ಸ್ಪಷ್ಟಪಡಿಸಿ, ಬೈಬಲ್ಲಿನ ಧರ್ಮನಿಷ್ಠ ಅರಸರಂತೆ ಪಾದ್ರಿಗಳೂ ಸೇರಿದಂತೆ ಎಲ್ಲರನ್ನೂ ಆಳುವ ಹಕ್ಕನ್ನು ಮಾತ್ರ ಒಪ್ಪುತ್ತದೆ.

ಉತ್ತರ 2: ಆಚರಣೆಯಲ್ಲಿ ಆ ಗೆರೆ ಉಳಿಯಲಿಲ್ಲವೆಂಬುದೇ ನನ್ನ ಆಕ್ಷೇಪ. ಪಾದ್ರಿಗಳು ಕೂಡಿ ಬೈಬಲ್ಲನ್ನು ವ್ಯಾಖ್ಯಾನಿಸುತ್ತಿದ್ದ ಸಭೆಗಳನ್ನು ನಿಲ್ಲಿಸಬೇಕೆಂಬ ರಾಣಿಯ ಆಜ್ಞೆಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗ್ರಿಂಡಲ್ 1576ರಲ್ಲಿ ಪತ್ರ ಬರೆದು ನಿರಾಕರಿಸಿದ. ಮರುವರ್ಷವೇ ಅವನ ಅಧಿಕಾರವನ್ನು ಅಮಾನತಿನಲ್ಲಿಡಲಾಯಿತು.

ಉತ್ತರ 3: ಸ್ಕಾಟ್ಲೆಂಡಿನ ಚರ್ಚಿನ ನಾಯಕ ಆಂಡ್ರ್ಯೂ ಮೆಲ್ವಿಲ್ ಗ್ರಿಂಡಲ್‌ಗಿಂತಲೂ ದಿಟ್ಟ. 1596ರಲ್ಲಿ ಅಲ್ಲಿನ ದೊರೆ ಆರನೆಯ ಜೇಮ್ಸ್‌ನ ಅಂಗಿಯ ತೋಳನ್ನು ಹಿಡಿದು, ಕ್ರಿಸ್ತನ ರಾಜ್ಯವಾದ ಚರ್ಚಿನಲ್ಲಿ ಅವನು ದೊರೆಯಲ್ಲ, ಕೇವಲ ಒಬ್ಬ ಸದಸ್ಯ ಎಂದು ಎದುರಿಗೇ ಹೇಳಿದ.