ಸಹಾಯ ಬೇಕು: ಅಪ್ಡೇಟ್ ಆದ್ಮೇಲೆ ಕ್ಯಾಮೆರಾ ವಿಡಿಯೋ ತುಂಡು ತುಂಡು

ನಮಸ್ಕಾರ ಎಲ್ರಿಗೂ, ಶಿರಸಿ ಹತ್ರ ನಮ್ಮನೆ ಅಂಗಳಕ್ಕೆ ಎರಡು ವೈಫೈ ಕ್ಯಾಮೆರಾ ಹಾಕ್ಸಿದೀನಿ, ಅಡಿಕೆ ಒಣಗ್ಸೋ ಟೈಮಲ್ಲಿ ಮಂಗನ ಕಾಟ, ಮನೇಲಿ ಅಪ್ಪಯ್ಯ ಆಯಿ ಇಬ್ರೇ, ನಾನಿರೋದು ಬೆಂಗ್ಳೂರಲ್ಲಿ. ಮೊನ್ನೆ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಅಪ್ಡೇಟ್ ಅಂತ ಬಂತು, ಒತ್ಬಿಟ್ಟೆ. ಅರ್ಧಕ್ಕೆ ಕರೆಂಟ್ ಹೋಗ್ಲಿಲ್ಲ, ಅದೇ ಪುಣ್ಯ.

ಮೊಬೈಲ್ ಆ್ಯಪಲ್ಲಿ ಈಗ್ಲೂ ಚೆನ್ನಾಗೇ ಬರುತ್ತೆ, ಆದ್ರೆ ಅಪ್ಪಯ್ಯ ಹಳೇ ಲ್ಯಾಪ್‌ಟಾಪಲ್ಲಿ ವಿಎಲ್‌ಸಿ ಪ್ಲೇಯರಿಗೆ ಆರ್‌ಟಿಎಸ್‌ಪಿ (ಕ್ಯಾಮೆರಾದ ಲೈವ್ ವಿಡಿಯೋ ಬೇರೆ ಪ್ಲೇಯರಲ್ಲಿ ನೋಡೋ ದಾರಿ) ಲಿಂಕ್ ಹಾಕಿ ನೋಡ್ತಿದ್ರಲ್ಲ ಅದು ಬಂದ್. ಒಂದು ಕ್ಯಾಮೆರಾದಲ್ಲಿ ಆರ್‌ಟಿಎಸ್‌ಪಿ ತನ್ನಷ್ಟಕ್ಕೇ ಆಫ್ ಆಗಿತ್ತು, ಅದು ಬಳಸೋ 554 ಪೋರ್ಟೇ ಕ್ಲೋಸ್, ಆನ್ ಮಾಡಿ ಹೊಸ ಪಾಸ್‌ವರ್ಡ್ ಇಟ್ಮೇಲೆ ಸರಿಯಾಯ್ತು. ಇನ್ನೊಂದ್ರಲ್ಲಿ ವಿಡಿಯೋ ಕುಗ್ಸೋ ವಿಧಾನ ಎಚ್.264 ಇದ್ದಿದ್ದು ಎಚ್.265 ಆಗೋಗಿದೆ, ಡೇಟಾ ಕಮ್ಮಿ ತಿನ್ನುತ್ತೆ ಒಪ್ತೀನಿ, ಆದ್ರೆ ಆ ಲ್ಯಾಪ್‌ಟಾಪಿಗೆ ಎಳೆಯೋಕಾಗ್ದೆ ಮಂಗ ಅಂಗಳಕ್ಕಿಳಿದು ವಾಪಸ್ ಮರ ಹತ್ತಿದ್ಮೇಲೆ ಸ್ಕ್ರೀನಲ್ಲಿ ಬಾಲ ಕಾಣುತ್ತೆ ಮಾರಾಯ್ರೆ. ವಾಪಸ್ 264 ಮಾಡೋ ಆಪ್ಷನ್ನೇ ಆ್ಯಪಲ್ಲಿ ಕಾಣ್ತಿಲ್ಲ.

ಕಸ್ಟಮರ್ ಕೇರ್‌ನವ್ರದ್ದು ಒಂದೇ ಮಂತ್ರ, ರೀಸೆಟ್ ಮಾಡಿ ಸರ್. ಬಟನ್ ಇರೋದು ಮಾಡಿನ ಕೆಳಗೆ, ಅಪ್ಪಯ್ಯನ್ನ ಏಣಿ ಹತ್ಸೋಕೆ ನಂಗೆ ಧೈರ್ಯ ಇಲ್ಲ. ಸಬ್ ಸ್ಟ್ರೀಮ್ (ಕ್ಯಾಮೆರಾ ಜೊತೇಲೇ ಕಳ್ಸೋ ಕಮ್ಮಿ ಕ್ವಾಲಿಟಿ ಎರಡನೇ ವಿಡಿಯೋ) ಮಾತ್ರ 264ಗೆ ಇಡೋಕಾಗುತ್ತಾ? ಹಳೇ ಫರ್ಮ್‌ವೇರ್ ವಾಪಸ್ ಹಾಕಿದವ್ರು ಯಾರಾದ್ರೂ ಇದೀರಾ?